ಹೆಳವನ ಬಾಯಲ್ಲಿ ನನ್ನ ಹೆಸರು

ಅಪ್ಪ,

ಇದನ್ನು ನಿನಗೆ ಹೇಳದೇ ಬಿಡೋಣವೆಂದುಕೊಂಡಿದ್ದೆ. ನಿನ್ನೆ ಮಾರ್ಕೋನಹಳ್ಳಿಯ ನಮ್ಮ ಜಗಲಿಯಲ್ಲಿ, ದಾಯಾದಿಗಳೆಲ್ಲರ ಮುಂದೆ ದನಿ ಎತ್ತಿದೆ.

ನಮ್ಮ ಕುಲದ, ನಮ್ಮ ಬೆಡಗಿನ ವಂಶಾವಳಿ ಹೇಳುವ ಹೆಳವ ಬಂದಿದ್ದ. ಮೂಲಪುರುಷ ದನ ಹೊಡೆದುಕೊಂಡು ಹೊಳೆ ದಾಟಿ ಬಂದದ್ದರಿಂದ ಶುರು ಮಾಡಿ, ಒಬ್ಬೊಬ್ಬ ಗಂಡಸಿನ ಹೆಸರನ್ನೂ ಹಾಡುತ್ತ ನಿನ್ನವರೆಗೆ ತಲುಪಿದ. "ಬೀರಯ್ಯಂಗೆ ಗಂಡು ಸಂತಾನ ಇಲ್ಲ. ಕವಲು ಅಲ್ಲಿಗೆ ನಿಂತೋಯ್ತು" ಎಂದ.

"ನಿಂತಿಲ್ಲ, ನಾನಿದೀನಿ. ಕೋಮಲಾ ಅಂತ ಸೇರಿಸಿ" ಎಂದೆ.

ತಿಮ್ಮರಾಜು ಚಿಕ್ಕಪ್ಪ ನಕ್ಕರು. "ಹೆಣ್ಮಕ್ಳು ಗಂಡನ ಬೆಡಗಿಗೆ ಸೇರ್ದೋರು ಕಣವ್ವ. ಇಲ್ಲಿ ಹೇಳಾಕಿಲ್ಲ."

"ನಂಗೆ ಮದುವೇನೇ ಆಗಿಲ್ವಲ್ಲ ಚಿಕ್ಕಪ್ಪ. ಇಷ್ಟು ವರ್ಷ ನಾನು ಯಾರ ಬೆಡಗಲ್ಲಿದೀನಿ?"

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಹೆಳವನಿಗೆ ಕೊಡಬೇಕಾದ ರಾಗಿ ನನ್ನ ಕೈಯ ಮೊರದಲ್ಲಿತ್ತು. ಕೊಡದೆ ನಿಂತೇ ಇದ್ದೆ. ಕೊನೆಗೆ ಅವನು ಹಾಡಿದ: "ಬೀರಯ್ಯನ ಮಗಳು ಕೋಮಲಾ."

ನಾನು ಮಾಡಿದ್ದು ಬರೀ ಹಠವೇ ಇರಬಹುದು. ಆದರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಕ್ಕವಳಿದ್ದಾಗ ಹೆಳವ ಬಂದರೆ ನೀನು ನನ್ನನ್ನು ಒಳಗೆ ಕಳಿಸಿ, "ನಂಗೆ ಮಕ್ಳಿಲ್ಲ" ಎನ್ನುತ್ತಿದ್ದೆ. ಬಾಗಿಲ ಹಿಂದೆ ನನಗೆ ಕೇಳಿಸುತ್ತಿತ್ತು. ನನ್ನನ್ನು ತುಮಕೂರಿನ ಕಾನ್ವೆಂಟಿಗೆ ಸೇರಿಸಿ, ಪ್ರತಿ ಶನಿವಾರ ಗೇಟಿನ ಹತ್ತಿರ ಕಾಯುತ್ತಿದ್ದವನೂ ನೀನೇ.

ತೀರಿಹೋದ ನಿನಗೆ ಈ ಸಲ ಎಡೆ ಇಡುವುದು ಚಿಕ್ಕಪ್ಪನ ಮಗನಲ್ಲ, ನಾನು. ವಿಳಾಸವಿಲ್ಲದ ಈ ಪತ್ರವನ್ನು ಅಂಚೆಗೆ ಹಾಕುವುದೂ ಅಂದೇ, ಮಹಾಲಯ ಅಮಾವಾಸ್ಯೆಯ ದಿನ.