ಹತ್ತು ಲಕ್ಷದ ಒಂಬತ್ತು

ಮಾರ್ಚ್ 4, ಮಂಗಳವಾರ

ಪ್ರೆಸ್ಸಿನಲ್ಲಿ ಇವತ್ತೂ ದೋಣಿ ಟಿಕೆಟ್ಟೇ. ನಡುವೆ ನಂಬರು ಹಾರಿದೆಯೇ ಎಂದು ನೋಡುವುದು ನನ್ನ ಕೆಲಸ. ಮಧ್ಯಾಹ್ನ ಮಷೀನಿನವರು ಕೂಗಿದರು, “ಮೇಡಂ, ಹತ್ತು ಲಕ್ಷ ದಾಟ್ತು!”

10,00,001 — ಟೀ ಆರುವುದರೊಳಗೆ ಒಡೆದೆ. 101 × 9901. 10,00,009 ಮಾತ್ರ ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. ಅವಿಭಾಜ್ಯವೇ ಇರಬೇಕು.

ಚಿಕ್ಕಂದಿನಲ್ಲಿ ಕಂಡ ಕಂಡ ನಂಬರನ್ನೆಲ್ಲ ಅಕ್ಕನೂ ನಾನೂ ಹೀಗೆ ಒಡೆಯುತ್ತಿದ್ದೆವು. ಗೆದ್ದವಳಿಗೆ ಬಸ್ಸಿನಲ್ಲಿ ಕಿಟಕಿ ಸೀಟು. ಯಾವಾಗಲೂ ಅಕ್ಕನಿಗೇ.

ಮಾರ್ಚ್ 6

ಊಟದ ಬಿಡುವಿನಲ್ಲಿ 199ರವರೆಗೂ ಭಾಗಿಸಿದೆ. ಊಹೂಂ. ಕಂಪ್ಯೂಟರನ್ನು ಕೇಳಿದರೆ ಕ್ಷಣದಲ್ಲಿ ಹೇಳುತ್ತದೆ. ಬೇಡ. ಕೇಳಬೇಕಾದವಳು ಬೇರೆ.

ಹನ್ನೊಂದು ವರ್ಷ... ಅಮ್ಮ ಹೋದಾಗ ಅಕ್ಕನಿಗೆ ಪರೀಕ್ಷೆ. ಮುಗಿಯಲಿ ಎಂದು ಎರಡು ದಿನ ತಡೆದು ತಿಳಿಸಿದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಕೊನೇ ಸಲ ಮುಖ ನೋಡೋದನ್ನೂ ತಪ್ಪಿಸಿದ್ಯಲ್ಲೇ,” ಅಂದಳು. ಆಮೇಲೆ ಮಾತಿಲ್ಲ.

ಮಾರ್ಚ್ 7

ಅಕ್ಕನಿಗೆ ಕಾರ್ಡು ಹಾಕಿದೆ. “ಅಕ್ಕಾ, 10,00,009 ಒಡೆಯುತ್ತದೆಯೇ?” ಅಷ್ಟೇ, ಕೆಳಗೆ ಮನೆ ವಿಳಾಸ, ಪ್ರೆಸ್ಸಿನ ಫೋನ್ ನಂಬರು. ಮೊದಲ ಕಾರ್ಡಿನಲ್ಲಿ ‘ಕ್ಷಮಿಸು’ ಎಂದೂ ಇತ್ತು. ಹರಿದು ಹಾಕಿದೆ. ಹೇಡಿ ನಾನು.

ಮಾರ್ಚ್ 19, ಬುಧವಾರ

ಬಂತು! ಸಂಬೋಧನೆ ಇಲ್ಲ, ಸಹಿ ಇಲ್ಲ. ಅದೇ ಒತ್ತೊತ್ತು ಅಕ್ಷರ.

1000² + 3²
235² + 972²
ಈಗ ಒಡಿ.

ಕೂಡಿ ನೋಡಿದೆ. ಎರಡೂ ಅದೇ ಸಂಖ್ಯೆ. ಅವಿಭಾಜ್ಯವಾಗಿದ್ದರೆ ಎರಡು ವರ್ಗಗಳ ಮೊತ್ತವಾಗಿ ಒಂದೇ ಬಗೆಯಲ್ಲಿ ಬರೆಯಬಹುದು. ಎರಡು ಬಗೆ ಸಿಕ್ಕಿತೆಂದರೆ ಒಡೆಯಲೇಬೇಕು. ಆ ಎರಡನೆಯದನ್ನು ಹುಡುಕಲು ಎಷ್ಟು ದಿನ ಕೂತಳೋ. ನನಗಾಗಿ ಕೂತಳು.

ಮಾರ್ಚ್ 20

293 × 3413!

ಹೊಸ ಕಾರ್ಡು. ಉತ್ತರದ ಕೆಳಗೆ ಬರೆದೆ: “ತಪ್ಪು ನನ್ನದೇ. ಕೊನೆಗಳಿಗೆಯಲ್ಲಿ ಅಮ್ಮ ನಿನ್ನನ್ನು ಕೇಳಿದ್ದಳು. ಅದನ್ನೂ ಮುಚ್ಚಿಟ್ಟೆ.” ಮತ್ತೆ ಓದದೆ ಡಬ್ಬಿಗೆ ಹಾಕಿಬಿಟ್ಟೆ.

ಮಾರ್ಚ್ 29, ಶನಿವಾರ

ಒಂಬತ್ತು ದಿನ ಸುದ್ದಿಯಿಲ್ಲ. ಇವತ್ತು ಪ್ರೆಸ್ಸಿಗೆ ಫೋನು. “ಯಾರೋ ಹೆಂಗಸು ಮೇಡಂ, ಹೆಸರು ಹೇಳ್ತಿಲ್ಲ.”

ರಿಸೀವರ್ ಕಿವಿಗೆ ಒತ್ತಿಕೊಂಡೆ. ಅಕ್ಕನ ದನಿ —

“ಅಮ್ಮ ಏನಂದ್ಲು?”

“ದೊಡ್ಡವಳು ಬಂದ್ಲಾ ಅಂತ. ಮೂರು ಸಲ ಕೇಳಿದ್ಲು ಅಕ್ಕಾ.”

ಅತ್ತಳೋ ಏನೋ, ಮಷೀನಿನ ಗದ್ದಲದಲ್ಲಿ ತಿಳಿಯಲಿಲ್ಲ.

“ನಾಳೆ ಹತ್ತರ ಬಸ್ಸಿಗೆ ಬರ್ತೀನಿ. ಎದುರಿಗೆ ಕೂತು ಹೇಳು. ಒಂದಕ್ಷರ ಬಿಡ್ಬೇಡ.”

ಮಾರ್ಚ್ 30, ಭಾನುವಾರ, 10.40

ಬಸ್ಸು ಬಂದಿರಬೇಕು. ಮನೆ ಎರಡು ಸಲ ಗುಡಿಸಿದೆ. ಟೀಗೆ ಸಕ್ಕರೆ ಎಷ್ಟು ಹಾಕುತ್ತಾಳೆ ಈಗ? ಅದೂ ಗೊತ್ತಿಲ್ಲ ನನಗೆ. ಬಯ್ಯಲಿ, ಹೊಡೆಯಲಿ. ಬಂದರೆ ಸಾಕು.

ಕೆಳಗೆ ಯಾರೋ ವಿಳಾಸ ಕೇಳುತ್ತಿದ್ದಾರೆ. “ಇಲ್ಲಿ ಗುಬ್ಬಿ ಮನೆ ಯಾವ್ದು?” ಈ ಕಟ್ಟಡದಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ. ಹಾಗೆ ನನ್ನನ್ನು ಕರೆಯುವವಳು ಒಬ್ಬಳೇ —

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಿಧಾನ. ಮಂಡಿ ನೋವೇ ಅವಳಿಗೆ? ನಾನೇ ಇಳಿದು