ಮುಂಗಾಲು ಮೊದಲು ಮೂಡುವ ಮರಿಗಳು

ನಮ್ಮ ವಿಜ್ಞಾನದ ಅಕ್ಕೋರೇ,

ಮಾಸೂರಿನ ಶಾಲೆಯಲ್ಲಿ ನಡೆದದ್ದು ನೆನಪಿದೆಯೇ? ಮದಗದ ಕೆರೆಯ ಗೊದಮೊಟ್ಟೆಗಳನ್ನು ಬೋಗುಣಿಯಲ್ಲಿ ತಂದಿಟ್ಟಿದ್ದಿರಿ. ಎಲ್ಲರೂ ಕೈ ಹಾಕಿ ನೋಡಿದೆವು. ಮರುದಿನ ಊರಿನ ಜಮೀನ್ದಾರರೊಬ್ಬರು ತರಗತಿಯ ಬಾಗಿಲಲ್ಲಿ ನಿಂತು ನನ್ನ ಕಡೆ ಬೊಟ್ಟು ಮಾಡಿದರು. "ಆಕಿ ಕೈ ಅದ್ದಿದ ನೀರಾಗ ನಮ್ಮ ಹುಡುಗಿ ಕೈ ಹಾಕಂಗಿಲ್ಲರಿ." ನಾನು ಕೇರಿಯ ಹುಡುಗಿ, ನನ್ನವ್ವ ಅವರದೇ ಗದ್ದೆಯಲ್ಲಿ ಸಸಿ ಹಚ್ಚುವವಳು. ನೀವು ದನಿ ಏರಿಸಲಿಲ್ಲ. "ಹಂಗಾರ ನಿಮ್ಮ ಹುಡುಗಿ ದೂರ ನಿಂತು ನೋಡ್ಲಿರಿ. ಬೋಗುಣಿ ಇಲ್ಲೇ ಇರ್ತೈತಿ. ಈಕಿನೂ ಇಲ್ಲೇ ಇರ್ತಾಳ." ಅದೇ ವರ್ಷ ನಿಮ್ಮನ್ನು ಸವಣೂರಿಗೆ ಎತ್ತಂಗಡಿ ಮಾಡಿಸಿದರು. ಅಷ್ಟು ಮಾತಿಗೆ...

ನೀವು ಹೊರಡುವ ದಿನ ನಾನು ಅಳುತ್ತಿದ್ದೆ. ಸಮಾಧಾನ ಮಾಡುವುದು ಬಿಟ್ಟು ನೀವು ಪಾಠ ಹೇಳಿದಿರಿ! "ಗೊದಮೊಟ್ಟಿಗೆ ಮೊದಲು ಹಿಂಗಾಲು ಕಾಣ್ತಾವು. ಡಾರ್ಜಿಲಿಂಗ್ ಗುಡ್ಡದಾಗ ಸಲಮಾಂಡರ್ ಅಂತ ಪ್ರಾಣಿ ಐತಿ, ನೋಡಾಕ ಹಲ್ಲಿ ಹಂಗ, ಬಳಗ ಕಪ್ಪೀದು. ಅದರ ಮರಿಗೆ ಮುಂಗಾಲು ಮೊದಲು."

"ನೀವು ನೋಡೀರೇನ್ರಿ?"

"ಎಲ್ಲೀದು! ಪುಸ್ತಕದಾಗಷ್ಟ. ನೀ ಹೋಗಿ ನೋಡು."

ಸಂಶೋಧನೆಗೆ ಸೇರಿದಾಗ ಪ್ರಾಧ್ಯಾಪಕರೊಬ್ಬರು ನಕ್ಕಿದ್ದರು. ನಮ್ಮ ರಾಜ್ಯದಲ್ಲೇ ಇಲ್ಲದ ಪ್ರಾಣಿ ಯಾಕೆ, ಮೀನಿನ ಮೇಲೆ ಮಾಡು, ನೌಕರಿಯಾದರೂ ಸಿಕ್ಕೀತು ಎಂದರು. ಸವಣೂರಿಗೆ ಬಂದು ನಿಮಗೆ ಹೇಳಿದೆ. ಆಗಲೇ ಕಾಯಿಲೆ ನಿಮ್ಮನ್ನು ಮಂಚಕ್ಕೆ ಹಾಕಿತ್ತು. ತಿನ್ನಲೆಂದು ಸವಣೂರು ಖಾರದ ಪೊಟ್ಟಣ ನನ್ನ ಕಡೆ ಸರಿಸಿ, "ಮೀನು ಒಲ್ಲೆ ಅಂತ ಹೇಳಿ ಬಾ" ಎಂದಿರಿ. ಹೇಳಿ ಬಂದೆ.

ಡಾರ್ಜಿಲಿಂಗ್ ಗುಡ್ಡದ ಚಹಾ ತೋಟದ ಕೆಳಗಿನ ಹೊಂಡದಲ್ಲಿ ಮೊದಲ ಮರಿ ಕಂಡ ಬೆಳಿಗ್ಗೆ ನಿಮಗೇ ಮೊದಲು ಫೋನ್ ಮಾಡಿದೆ. ಕಿವಿರು ಒಳಗಲ್ಲ ಅಕ್ಕೋರೇ, ಹೊರಗೇ! ಕತ್ತಿನ ಎರಡೂ ಬದಿಗೆ ಮೂರು ಮೂರು, ಕೆಂಪು ಗರಿಗಳಂತೆ. ಕೆನ್ನೆಯ ಪಕ್ಕ ಕೂದಲಿನಷ್ಟು ತೆಳುವಾದ, ಊರುಗೋಲಿನಂಥ ಎಳೆ. ಅದರ ಮೇಲೆ ಆತುಕೊಂಡು ಕೆಸರಿನಲ್ಲಿ ಮುಳುಗದೆ ನಿಲ್ಲುತ್ತದೆ. ಮುಂಗಾಲು ಬಲಿತ ಮೇಲೆ ಅದು ತಾನಾಗಿ ಕಳಚಿಹೋಗುತ್ತದೆ. ಆಮೇಲೆ ಹಿಂಗಾಲು. ಒಡಹುಟ್ಟಿದ್ದು ಕಾಲು ಕಚ್ಚಿ ತಿಂದರೂ ಅಲ್ಲೇ ಹೊಸ ಕಾಲು ಚಿಗುರುತ್ತದೆ. ಫೋನ್ ಎತ್ತಿದ್ದು ನಿಮ್ಮ ತಂಗಿ. "ಅಕ್ಕ ನಸುಕಿನ್ಯಾಗ ಹೋದ್ಲವ್ವ." ನಾನು ಯಾರಿಗೆ ಹೇಳಬೇಕಿತ್ತು ಅದನ್ನೆಲ್ಲ? ನಿಮ್ಮ ಮಣ್ಣಿಗೂ ಬರಲಾಗಲಿಲ್ಲ. ಸಂಜೆ ಮತ್ತೆ ಹೊಂಡಕ್ಕೆ ಹೋಗಿ ಮರಿಗಳನ್ನು ಅಳೆಯುತ್ತ ಕುಳಿತೆ. ಕಣ್ಣು ಒರೆಸಿಕೊಳ್ಳುತ್ತ ಅಳೆದೆ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನೀವು ಹೋದ ಮೇಲೆ ಹೋಟೆಲ್ ಕಟ್ಟಿಸುವವನೊಬ್ಬ ಆ ಹೊಂಡ ಮುಚ್ಚಲು ಜೆಸಿಬಿ ತಂದ. ವಾಹನ ನಿಲ್ಲಿಸಲು ಜಾಗ ಬೇಕಂತೆ. "ಮೀನೂ ಇಲ್ಲದ ಕೊಳಚೆ ನೀರು" ಎಂದು ಹಿಂದಿಯಲ್ಲಿ ಗದರಿಸಿದ. ಮರಿಗಳಿಗೆ ಇನ್ನೂ ಕಿವಿರು ಇತ್ತು. ದಡಕ್ಕೆ ಎತ್ತಿಟ್ಟರೆ ಸಾಯುತ್ತಿದ್ದವು. ನಾನು ಚಪ್ಪಲಿ ಬಿಟ್ಟು ನೀರಿಗಿಳಿದು ನಡುವೆ ನಿಂತೆ. "ಮಣ್ಣು ಹಾಕುವುದಾದರೆ ನನ್ನ ಮೇಲೆಯೇ ಹಾಕಿ." ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಭಯವೂ ಇತ್ತು. ಚಹಾ ಕೀಳುವ ಒಬ್ಬ ಹೆಂಗಸು ಬುಟ್ಟಿ ಇಳಿಸಿ ನನ್ನ ಪಕ್ಕಕ್ಕೆ ಬಂದಳು. ಆಮೇಲೆ ಉಳಿದವರೂ ಬಂದರು. ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಹಿಂದಿರುಗಿತು. ಊರ ಪಂಚಾಯಿತಿ ಸೇರಿ ಹೊಂಡ ಮುಚ್ಚಕೂಡದೆಂದು ತೀರ್ಮಾನಿಸಿತು.

ಮೊನ್ನೆ ಮರಿಗಳ ಕಿವಿರು ಕರಗಿ, ಬಾಲದ ರೆಕ್ಕೆ ಇಂಗಿ, ಕಣ್ಣಿಗೆ ರೆಪ್ಪೆ ಬಂತು. ಒಂದೊಂದಾಗಿ ದಡ ಹತ್ತಿದವು. ಹೋಟೆಲಿನವ ಮೇಲಿನವರ ಬಳಿ ಓಡಾಡುತ್ತಿದ್ದಾನಂತೆ. ಓಡಾಡಲಿ. ಬರುವ ಮಳೆಗಾಲಕ್ಕೆ ದೊಡ್ಡ ಸಲಮಾಂಡರ್‌ಗಳು ಮೊಟ್ಟೆ ಇಡಲು ಇಲ್ಲಿಗೇ ಬರುತ್ತವೆ. ನಾನೂ ಇರುತ್ತೇನೆ. ಯಾರು ಮಣ್ಣು ತರುತ್ತಾರೋ ತರಲಿ.

ನಿಮ್ಮ,
ಸುಜಾತಾ