ರೇಷ್ಮೆಹುಳುವಿನ ಮನೆಯಲ್ಲಿ ಸಯಾಮಿನ ಹುಡುಗ

ಜಂಗಮಕೋಟೆ
12-1-58

ಅಕ್ಕನಿಗೆ ತಮ್ಮ ಕೋನಪ್ಪನ ನಮಸ್ಕಾರ. ಹೆದರಬೇಡ, ಜೀವ ಇದೆ, ಕೆಮ್ಮು ಮಾತ್ರ ಶುರುವಾಗಿದೆ.

ರೇಷ್ಮೆ ಸಾಕುವುದನ್ನು ಕಲಿಯಲು ಸಯಾಮ್ ದೇಶದ ಹುಡುಗನೊಬ್ಬ ನನ್ನ ಜೊತೆಯಲ್ಲೇ ಬಸ್ಸಿಳಿದ. ಅವನಿಗೆ ಬಾಡಿಗೆಗೆ ರೂಮು ಕೇಳಿದರೆ ಬೀದಿಯವರೆಲ್ಲ ರೂಮಿನಲ್ಲಿ ಹುಳ ಇವೆ ಎಂದರು. ಪರದೇಶದ ಮಗುವಿಗೆ ಏನಾದರೂ ಆದರೆ ಪೊಲೀಸರು ನನ್ನನ್ನೇ ಕೇಳುತ್ತಾರೆಂದು ಹೆದರಿ, ಅತ್ತೆಯ ಮನೆಗೇ ಕರೆದುಕೊಂಡು ಹೋದೆ.

ಹುಳುವಿಗೆ ವಾಸನೆ ಆಗದಲ್ಲ, ಅತ್ತೆ ಅವನ ಸುತ್ತ ತಿರುಗಿ ಮೂಸಿದಳು. "ಏನಪ್ಪಾ ಇದು, ಪೌಡರ್ ಅಂಗಡಿ! ಹುಳ ಸತ್ತೋಗ್ತವೆ, ತೊಳ್ಕೊಂಡು ಬಾ." ನಾನೇ ಬಾವಿಯ ಹತ್ತಿರ ಸೀಗೆಪುಡಿ ಹಾಕಿ ಅವನ ಬೆನ್ನು ಕೆಂಪಾಗುವಂತೆ ಉಜ್ಜಿದೆ. ಅತ್ತೆ ಮತ್ತೆ ಮೂಸಿ, "ಈಗ ಸರಿ. ಹುಳದ ತಟ್ಟೆ ಪಕ್ಕ ಮಲಕ್ಕೋ ಕಣಪ್ಪಾ" ಎಂದಳು. ಆಮೇಲೆ ಮೂಗು ನನ್ನ ಕಡೆ ತಿರುಗಿತು.

"ಲೋ ಕೋನಾ, ಬೀಡಿ ಸೇದ್ತೀಯೇನೋ? ಆಚೆ ನಡಿ!"

ನನಗೆಂದು ಹಾಸಿದ್ದ ಚಾಪೆಯಲ್ಲಿ ಈಗ ಅವನಿದ್ದಾನೆ. ನಾನು ಜಗಲಿಯ ಮೇಲೆ ನಾಯಿಯ ಪಕ್ಕ. ಇಬ್ಬನಿಗೆ ಎದೆ ಕಟ್ಟಿದೆ, ನ್ಯುಮೋನಿಯವೋ ಏನೋ. ಚಿಂತಾಮಣಿ ಬಸ್ಸಿನಲ್ಲಿ ಕಂಬಳಿ ಕಳಿಸು. ಬೀಡಿಯ ವಿಷಯ ಅಪ್ಪನಿಗೆ ಗೊತ್ತಾಗಬಾರದು. ಈ ಕಾರ್ಡನ್ನು ನಿನಗೆ ಓದಿ ಹೇಳುತ್ತಿರುವ ಪೋಸ್ಟಿನವರೂ ದಯವಿಟ್ಟು ಹೇಳಬಾರದು.

ಹುಡುಗ ಮಾತ್ರ ಒಳ್ಳೆಯವನು. ಬೆಳಿಗ್ಗೆ ಎದ್ದು ಬಂದು, ಬೆಂಗಳೂರಿನಲ್ಲಿ ಕಲಿತ ಅರ್ಧ ಕನ್ನಡದಲ್ಲಿ, "ಅಣ್ಣಾ, ಬನ್ನಿ, ನಿಮಗೆ ರೂಮು ಕೇಳಣ" ಎಂದ. ಹೊರಟಿದ್ದೇವೆ.

ಕೋನಪ್ಪ